ಕಾಲು ಗುಳಿಗೆ

ಗೋಗಿ ಊರಿನ ಮುದುಕರೊಬ್ಬರು ತೀರಿಕೊಂಡ ಮೇಲೂ ಎಂಟು ತಿಂಗಳು ನಾನು ಅವರಿಗೆ ನಿದ್ದೆಯ ಗುಳಿಗೆ ಕೊಡುತ್ತಲೇ ಇದ್ದೆ. ಕೊಟ್ಟದ್ದು ಅಂಗಡಿಯ ರಿಜಿಸ್ಟರಿನಲ್ಲಿ ಮಾತ್ರ. ಗುಳಿಗೆಗಳು ನನ್ನ ಬುರ್ಖಾದ ಜೇಬಿಗೆ ಹೋಗುತ್ತಿದ್ದವು. ಅವರು ಸತ್ತದ್ದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವರ ಊರಿನವರೊಬ್ಬರು ಕೆಮ್ಮಿನ ಔಷಧಕ್ಕೆ ಬಂದಾಗ ಹೇಳಿದ್ದರು. ನಾನು "ಪಾಪ" ಎಂದಿದ್ದೆ. ಮರುದಿನವೇ ಅವರ ಹೆಸರು ಬರೆದು ಎದುರಿಗೆ ಎರಡು ಸ್ಟ್ರಿಪ್ ಎಂದು ತುಂಬಿದ್ದೆ.

ನನ್ನ ತವರು ಸುರಪುರ. ಯಾದಗಿರಿಯಲ್ಲಿ ಔಷಧಶಾಸ್ತ್ರದ ಡಿಪ್ಲೊಮಾ ಮುಗಿಸಿ, ಮದುವೆಯಾಗಿ ಶಹಾಪುರಕ್ಕೆ ಬಂದವಳು. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮೆಡಿಕಲ್ ಅಂಗಡಿಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ನನ್ನ ಗಂಡ ಕಡೇಚೂರಿನ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ಅಲ್ಲೇ ನಾಲ್ಕು ಜನ ಸೇರಿ ಒಂದು ಖೋಲಿ ಹಿಡಿದಿದ್ದಾರೆ, ಭಾನುವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಮನೆಯಲ್ಲಿ ಇದ್ದವರು ಅತ್ತೆ, ನಾನು, ಮಗಳು. ನಮ್ಮ ಮನೆಮಾತು ದಖ್ಖನಿ ಉರ್ದು. ಆ ಮಾತುಗಳನ್ನು ಇಲ್ಲಿ ನಮ್ಮ ಊರಿನ ಕನ್ನಡದಲ್ಲೇ ಬರೆಯುತ್ತೇನೆ. ಅತ್ತೆಗೆ ಎರಡೂ ಒಂದೇ ಸಲೀಸು, ಎರಡರಲ್ಲೂ ಒಂದೇ ಗಡಸು.

ಮಗಳಿಗೆ ಏಳು ತುಂಬಿದಾಗ ನಾನು ಮತ್ತೆ ಬಸುರಾದೆ. ಏಳನೆಯ ತಿಂಗಳಲ್ಲಿ ಒಂದು ದಿನ ಕೂಸು ಅಲುಗಾಡುವುದು ನಿಂತಿತು. ದವಾಖಾನೆಯಲ್ಲಿ ನನಗೆ ಎಚ್ಚರವಾದಾಗ ಎಲ್ಲ ಮುಗಿದಿತ್ತು. ಗಂಡಸರು ಆಗಲೇ ಕಬರಸ್ತಾನಕ್ಕೆ ಹೋಗಿ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದರು. "ನಾ ನೋಡಬೇಕಿತ್ತು" ಎಂದೆ. "ಬ್ಯಾಡ. ನೋಡಿದ್ರ ಮರಿಯಾಕ ಆಗಂಗಿಲ್ಲ" ಎಂದರು ಅತ್ತೆ. ಅದು ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ನಲವತ್ತು ದಿನ ಕಳೆದ ಮೇಲೆ ಮತ್ತೆ ಅಂಗಡಿಗೆ ಹೋದೆ. ಜನ ಜ್ವರದ ಗುಳಿಗೆ ಕೇಳಿದರು, ಕೊಟ್ಟೆ. ಮಕ್ಕಳ ಡ್ರಾಪ್ಸ್ ಕೇಳಿದರು, ಅದನ್ನೂ ಕೊಟ್ಟೆ.

ನಾಲ್ಕು ತಿಂಗಳ ನಂತರ ಗೋಗಿಯ ದರ್ಗಾಕ್ಕೆ ಹೋಗಿ ಶೇರ್ ಆಟೊದಲ್ಲಿ ವಾಪಸ್ ಬರುತ್ತಿದ್ದೆ. ಹಿಂದೆ ಮುಂದೆ ಸೇರಿ ಹತ್ತು ಜನ ತುರುಕಿಕೊಂಡಿದ್ದೆವು. ಇದ್ದಕ್ಕಿದ್ದಂತೆ ಉಸಿರು ಅರ್ಧಕ್ಕೇ ನಿಂತು ಮೇಲೆ ಬರಲಿಲ್ಲ. ಬೆರಳುಗಳು ಜೋಮು ಹಿಡಿದವು, ಎದೆ ಬಡಿದುಕೊಳ್ಳುವುದು ಕಿವಿಯಲ್ಲಿ ಕೇಳಿಸತೊಡಗಿತು. ಸಾಯುತ್ತಿದ್ದೇನೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. "ನಿಲ್ಲಸ್ರಿ, ನಿಲ್ಲಸ್ರಿ" ಎಂದು ಕೂಗಿ ರಸ್ತೆಯ ಪಕ್ಕ ಹತ್ತಿಯ ಹೊಲದ ಬದುವಿನ ಮೇಲೆ ಕೂತುಬಿಟ್ಟೆ. ಯಾರೋ ನೀರು ಕೊಟ್ಟರು. ಅರ್ಧ ಗಂಟೆಯಲ್ಲಿ ಎಲ್ಲ ಸರಿಯಾಯಿತು. ಇಸಿಜಿ ತೆಗೆಸಿದರೆ ಎದೆಯಲ್ಲಿ ಏನೂ ಇರಲಿಲ್ಲ. ಡಾಕ್ಟರು ಟೆನ್ಷನ್ ಎಂದು ಹೇಳಿ, ಐದು ದಿನಕ್ಕೆ ಐದು ಗುಳಿಗೆ ಬರೆದರು.

ಆ ಐದು ದಿನದ ಚೀಟಿ ನನಗೆ ಎರಡೂವರೆ ವರ್ಷ ಬಾಳಿತು.

ಮೊದಲು ಅರ್ಧ ಸಾಕಾಗುತ್ತಿತ್ತು. ಅದು ಒಳಗೆ ಇಳಿದ ಸ್ವಲ್ಪ ಹೊತ್ತಿಗೆ, ಮನೆಯಲ್ಲಿ ಜಗಳವಾಡುತ್ತಿದ್ದವರೆಲ್ಲ ಎದ್ದು ಹೊರಗೆ ಹೋದಂತೆ ಆಗುತ್ತಿತ್ತು. ಆಮೇಲೆ ಒಂದು. ಆಮೇಲೆ ಬೆಳಿಗ್ಗೆ ಎರಡು, ಸಂಜೆ ಎರಡು. ಕೊನೆಕೊನೆಗೆ ದಿನಕ್ಕೆ ಹತ್ತು, ಕೆಲವು ದಿನ ಹನ್ನೆರಡು. ರಿಜಿಸ್ಟರಿನಲ್ಲಿ ಒಬ್ಬರ ಹೆಸರು ಸಾಲದೆ ಇನ್ನೂ ಹಲವರ ಹೆಸರು ಸೇರಿದವು. ನಾನು ನಶೆ ಮಾಡುತ್ತಿದ್ದೇನೆ ಎಂದು ಒಮ್ಮೆಯೂ ಅನಿಸಲಿಲ್ಲ. ನಶೆ ಎಂದರೆ ಸೇಂದಿ, ಶರಾಬು. ಗಂಡಸರು ಗಟಾರದಲ್ಲಿ ಬೀಳುವ ಕೆಲಸ. ನಾನು ಐದು ಹೊತ್ತು ನಮಾಜು ಮಾಡುವವಳು, ಮನೆ ನಡೆಸುವವಳು, ಓದಿದವಳು. ಔಷಧ ತೆಗೆದುಕೊಳ್ಳುತ್ತಿದ್ದೇನೆ ಅಷ್ಟೇ ಎಂದುಕೊಂಡಿದ್ದೆ. ನಮಾಜಿನಲ್ಲಿ ನೆಲಕ್ಕೆ ಹಣೆ ಊರಿದವಳು ಅಲ್ಲೇ ನಿದ್ದೆ ಹೋದದ್ದುಂಟು. ಮಗಳು ಬಂದು ಭುಜ ಮುಟ್ಟಿ ಎಬ್ಬಿಸುತ್ತಿದ್ದಳು.

ಸಿಕ್ಕಿಬಿದ್ದದ್ದು ಒಂದು ಸೋಮವಾರ ಮಧ್ಯಾಹ್ನ. ಗೋಗಿಯ ಮುದುಕರ ಮಗ ಗಾಯದ ಮುಲಾಮಿಗೆ ಅಂಗಡಿಗೆ ಬಂದಿದ್ದ. ಮಾಲಕರು ಅಪರೂಪಕ್ಕೆ ಗಲ್ಲಾದಲ್ಲಿ ಕೂತಿದ್ದರು. ಹಳೆಯ ಗಿರಾಕಿಯ ಮಗ ಎಂದು ಗುರುತಿಸಿ ಮಾತಾಡಿಸಿದರು.

"ಅಪ್ಪಾರು ಹ್ಯಾಂಗದಾರೋ? ಈಗರ ನಿದ್ದಿ ಬರ್ತದೇನು?"

ಅವನು ಮುಲಾಮನ್ನು ಕೈಯಲ್ಲಿ ಹಿಡಿದವನು ಹಾಗೇ ನಿಂತ. "ಅಪ್ಪ ಹೋಗಿ ಎಂಟ್ ತಿಂಗಳಾತಲ್ರಿ."

ಮಾಲಕರು ಮುಲಾಮಿನ ದುಡ್ಡು ಎಣಿಸಿಕೊಂಡರು. ಅವನು ಹೋಗುವ ತನಕ ಕಾದರು. ಆಮೇಲೆ ಒಳಗಿನ ಕಪಾಟಿನಿಂದ ರಿಜಿಸ್ಟರು ತೆಗೆದು, ಕನ್ನಡಕ ಹಾಕಿಕೊಂಡು, ಒಂದೊಂದೇ ಹಾಳೆ ತಿರುವಿದರು. ನಾನು ಕಪಾಟಿಗೆ ಬೆನ್ನು ಕೊಟ್ಟು ನಿಂತಿದ್ದೆ.

"ಇವನ್ನ ಹೊರಗ ಮಾರೀ ಏನು?"

"ಇಲ್ರಿ."

"ಮತ್ತ?"

ನನ್ನ ಕೈ ನಡುಗುತ್ತಿತ್ತು. ಅವರು ನನ್ನ ಮುಖ ನೋಡಲಿಲ್ಲ, ಕೈಯನ್ನೇ ನೋಡಿದರು. ಬಹಳ ಹೊತ್ತು ನೋಡಿ, ದನಿ ತಗ್ಗಿಸಿ, "ನೀನೇ ತಿಂದೀ ಏನವ್ವ?" ಎಂದರು.

"ಹೌದ್ರಿ."

ಅವರು ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿ, "ನಾ ಯಾರ ಮುಂದೂ ಹೇಳಂಗಿಲ್ಲ. ಆದ್ರ ನಾಳಿಂದ ಬರಬ್ಯಾಡ. ಲೈಸೆನ್ಸಿನ ಪ್ರಶ್ನಿ ಅದ" ಎಂದರು. ನಾನು ಬಿಳಿ ಕೋಟನ್ನು ಬಿಚ್ಚಿ, ಮಡಚಿ, ಸ್ಟೂಲಿನ ಮೇಲಿಟ್ಟು, ಊಟದ ಡಬ್ಬಿ ತೆಗೆದುಕೊಂಡು ಹೊರಬಿದ್ದೆ. ಮನೆಯಲ್ಲಿ, ಅಂಗಡಿಗೆ ಬಣ್ಣ ಹೊಡೆಸುತ್ತಿದ್ದಾರೆ, ಒಂದು ವಾರ ರಜೆ ಎಂದು ಹೇಳಿದೆ.

ಜೇಬಿನಲ್ಲಿ ಉಳಿದಿದ್ದ ಗುಳಿಗೆಗಳು ಆ ರಾತ್ರಿಗೇ ತೀರಿದವು. ಮೂರನೆಯ ದಿನ ಬೆಳಿಗ್ಗೆ ಮಗಳಿಗೆ ಶಾಲೆಗೆ ಜಡೆ ಹಾಕುತ್ತಿದ್ದೆ. ಬೆವರು, ನಡುಕ, ಗೋಡೆಗಳು ಹತ್ತಿರ ಬಂದಂತೆ. ಅಷ್ಟೇ ನೆನಪು. ಎಚ್ಚರವಾದಾಗ ನಾನು ನೆಲದ ಮೇಲಿದ್ದೆ, ಬಾಯಲ್ಲಿ ರಕ್ತದ ರುಚಿ. ಯಾರೋ ನನ್ನ ಮುಷ್ಟಿಯಲ್ಲಿ ಬೀಗದ ಕೈ ತುರುಕಿದ್ದರು, ಯಾರೋ ಮೂಗಿಗೆ ಉಳ್ಳಾಗಡ್ಡಿ ಹಿಡಿದಿದ್ದರು. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ತುಂಬಿದ್ದರು. ಅವರ ಕಾಲುಗಳ ನಡುವೆ ಮಗಳು ಕಾಣಿಸಿದಳು, ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚಿದ ಕೂದಲು. ಅಳುತ್ತಿರಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಳು.

ಅತ್ತೆ ಒಂದು ಗಾಡಿ ಮಾಡಿಸಿ ಯಾದಗಿರಿಯ ದೊಡ್ಡ ದವಾಖಾನೆಗೆ ಕರೆದೊಯ್ದರು. ಅಲ್ಲಿನ ಡಾಕ್ಟರ್ ಹರೆಯದವರು. ಅತ್ತೆಯನ್ನು ಹೊರಗೆ ಕೂರಿಸಿ, "ಏನರ ಗುಳಗಿ ತಗೋತಿದ್ರೇನು? ಒಮ್ಮೆಲೇ ಬಿಟ್ರೇನು?" ಎಂದು ನೇರವಾಗಿ ಕೇಳಿದರು. ನಾಲ್ಕು ಎಂದೆ. ಅವರು ಎರಡು ದಿನ ಇಟ್ಟುಕೊಂಡು, ಬಿಡುವಾಗ ಒಂದು ನಂಬರ್ ಬರೆದುಕೊಟ್ಟರು. "ಇದು ಬಿಡಿಸಾಕ ಭಾಳ ತಿಂಗಳು ಬೇಕು. ಶಹಾಪುರದಿಂದ ನೀವು ಎಷ್ಟ್ ಸಲ ಓಡಾಡ್ತೀರಿ? ಫೋನಿನ್ಯಾಗ ನೋಡೋ ಮನೋವೈದ್ಯರು ಅದಾರ. ಖರೇನೇ ಡಾಕ್ಟರ್, ಹೆದರಬ್ಯಾಡ್ರಿ."

ನಮ್ಮ ಮನೆ ಎರಡು ಖೋಲಿಯದು. ಮಾತಾಡಿದರೆ ಪಕ್ಕದ ಮನೆಗೆ ಕೇಳುತ್ತದೆ. ಹಾಗಾಗಿ ಮೊದಲ ಕರೆಗೆ ಮಾಳಿಗೆಯ ಮೇಲೆ ಹೋದೆ. ನೀರಿನ ಟಾಕಿಯ ನೆರಳಿನಲ್ಲಿ ಕೂತು, ಫೋನನ್ನು ಇಟ್ಟಿಗೆಗೆ ಆನಿಸಿಟ್ಟೆ. ಪರದೆಯಲ್ಲಿ ಐವತ್ತು ದಾಟಿದ ಡಾಕ್ಟರ್ ಮೇಡಂ ಒಬ್ಬರು ಕಾಣಿಸಿದರು. ಮಾತು ಧಾರವಾಡದ ಕಡೆಯದು. ಹಿಂದೆ ಒಂದು ಕಬ್ಬಿಣದ ಕಪಾಟು. ನೆಟ್‌ವರ್ಕು ಕಡಿದು ಕಡಿದು ಬರುತ್ತಿತ್ತು. ಅವರ ತುಟಿ ಮೊದಲು ಅಲುಗಾಡಿ ಮಾತು ಆಮೇಲೆ ಕೇಳಿಸುತ್ತಿತ್ತು.

"ದಿನಾ ಎಷ್ಟು ತಗೋತಿದ್ರಿ?"

ಅವರಿಗೂ ನಾಲ್ಕು ಎಂದೆ. ಮುಟ್ಟಿ ನೋಡಲಾಗದವರಿಗೆ ಸುಳ್ಳು ಹೇಳುವುದು ಸುಲಭ ಎಂದುಕೊಂಡಿದ್ದೆ.

ಅವರು ಬೇರೆ ಗುಳಿಗೆ ಬರೆದರು, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುವಂಥದ್ದು. ಅದನ್ನು ಎರಡು ವಾರಕ್ಕೊಮ್ಮೆ ಕಾಲು ಕಾಲು ಕಡಿಮೆ ಮಾಡುತ್ತ ಹೋಗಬೇಕು. ಜೊತೆಗೆ ಮನಸ್ಸಿನ ಭಾರಕ್ಕೆ ಇನ್ನೊಂದು. ಕೊನೆಗೆ, "ಗುಳಗಿ ನಿಮ್ಮ ಕೈಯಾಗ ಇರಬಾರ್ದು. ಮನ್ಯಾಗ ಯಾರ ಕೈಗೆ ಕೊಡ್ತೀರಿ?" ಎಂದು ಕೇಳಿದರು.

ಆ ಸಂಜೆ ಅಂಗಡಿಯದೂ ಗುಳಿಗೆಯದೂ ಎಲ್ಲ ಅತ್ತೆಗೆ ಹೇಳಿದೆ. ಅವರು ತಮ್ಮ ಎಲೆಯಡಿಕೆಯ ಪಾನ್‌ದಾನ್ ಮುಂದಿಟ್ಟುಕೊಂಡು ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತಿದ್ದರು. ಕತ್ತರಿಸುವುದು ನಿಂತಿತು.

"ನಶಾ ಏನು?"

"ಹೌದು ಅಮ್ಮೀ."

"ನನ್ನ ಅಣ್ಣ ಸೇಂದಿ ಕುಡುದು ಸತ್ತ" ಎಂದರು. ಅಂಥ ಅಣ್ಣನೊಬ್ಬ ಇದ್ದನೆಂದು ನನಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. "ಬಿಡು, ಬಿಡು ಅಂತ ಎಲ್ಲಾರೂ ಹೊಡದ್ವಿ. ಹ್ಯಾಂಗ ಬಿಡಬೇಕು ಅಂತ ಅವನಿಗೆ ಯಾರೂ ಹೇಳ್ಲಿಲ್ಲ." ಅಡಕೊತ್ತು ಕೆಳಗಿಟ್ಟು ಕೈ ಚಾಚಿದರು. ನಾನು ಗುಳಿಗೆಯ ಪೊಟ್ಟಣ ಕೊಟ್ಟೆ. ಸುಣ್ಣದ ಡಬ್ಬಿಯ ಪಕ್ಕದ ಖಾಲಿ ಅರೆಯಲ್ಲಿ ಅದನ್ನಿಟ್ಟು ಮುಚ್ಚಳ ಹಾಕಿದರು. "ನನ್ನ ಮಗನ ಮುಂದ ನಿನಗ ಮೂರ್ಛಿ ಅಂತ ಹೇಳೋಣ, ಅದಕ್ಕ ಕೆಲಸ ಬಿಟ್ಟಿ ಅಂತ. ಅಷ್ಟೇ ಸಾಕು" ಎಂದರು.

ಹಾಗೆ ಪ್ರತಿದಿನ ಬೆಳಿಗ್ಗೆ ಮತ್ತು ಸಂಜೆ ನಾನು ಅವರ ಮುಂದೆ ಕೂತು ಕೈ ಒಡ್ಡತೊಡಗಿದೆ. ಓದು ಬಾರದವರು, ಆದರೆ ಅಡಕೊತ್ತಿನಿಂದ ಗುಳಿಗೆಯನ್ನು ನಾಲ್ಕು ಸಮ ಹೋಳು ಮಾಡುವುದರಲ್ಲಿ ಅವರ ಕೈ ತಪ್ಪುತ್ತಿರಲಿಲ್ಲ. ನುಂಗಿದ ಮೇಲೆ ಬಾಯಿ ತೆಗೆಸಿ ನೋಡುತ್ತಿದ್ದರು. ಗುಳಿಗೆಗೆ ಅಡಿಕೆಯ ಒಗರು ಹತ್ತಿರುತ್ತಿತ್ತು.

ಮೊದಲ ಎರಡು ವಾರ ನಾನು ಬೆಂದೆ. ಚರ್ಮದ ಕೆಳಗೆ ಇರುವೆ ಹರಿದಾಡಿದಂತೆ, ಪಾತ್ರೆಯ ಸದ್ದಿಗೆ ಹಲ್ಲು ಜುಮ್ಮೆನ್ನುವಂತೆ. ಎರಡನೆಯ ಕರೆಯಲ್ಲಿ ಮೇಡಂ ನನ್ನ ಕೈಗಳನ್ನು ಪರದೆಯ ಮುಂದೆ ಚಾಚಲು ಹೇಳಿದರು. ಸುಮ್ಮನೆ ನೋಡಿದರು.

"ನಾಲ್ಕು ತಗೊಂಡವರ ಕೈ ಹಿಂಗ ನಡುಗಂಗಿಲ್ಲ. ನೀವು ಕಡಿಮಿ ಹೇಳಿದ್ರ ನಾ ಕಡಿಮಿ ಔಷಧ ಬರೀತೀನಿ, ನಿಮಗ ಮತ್ತ ಮೂರ್ಛಿ ಬರ್ತದ. ನನಗೇನೂ ಆಗಂಗಿಲ್ಲ, ನಿಮಗ ಆಗ್ತದ. ಎಷ್ಟು?"

"ಹತ್ತು" ಎಂದೆ. "ಕೆಲವು ದಿನ ಹನ್ನೆರಡು."

"ಹ್ಞಾಂ" ಎಂದರು, ಅಂಗಡಿಯಲ್ಲಿ ಗಿರಾಕಿ ಸರಿಯಾದ ಹೆಸರು ಹೇಳಿದಾಗ ನಾನು ಅನ್ನುತ್ತಿದ್ದ ಹಾಗೆ. ಹೊಸ ಚೀಟಿಯ ಫೋಟೊ ಫೋನಿಗೆ ಬಂತು.

ನಡುಕ ಇಳಿದ ಮೇಲೆ ಬಂದದ್ದು ಇನ್ನೂ ಕೆಟ್ಟದ್ದು. ಗುಳಿಗೆ ಇಷ್ಟು ದಿನ ಮುಚ್ಚಿಟ್ಟಿದ್ದೆಲ್ಲ ಅಲ್ಲೇ ಇತ್ತು, ಒಂದಿಷ್ಟೂ ಸವೆದಿರಲಿಲ್ಲ. ಬೆಳಗಾದರೆ ಎದ್ದೇಳಲು ಕಾರಣ ಹುಡುಕಬೇಕಿತ್ತು. ಮೈ ತೊಳೆಯುವುದು ಬೆಟ್ಟ ಹತ್ತಿದಷ್ಟು ಕೆಲಸ. ಅತ್ತೆ ರೊಟ್ಟಿ ಬಡಿಯುವ ಸದ್ದು ಕೇಳುತ್ತ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ನಾನಿಲ್ಲದಿದ್ದರೆ ಈ ಮನೆಯಲ್ಲಿ ಏನು ಕಡಿಮೆಯಾಗುತ್ತದೆ ಎಂದು ಯೋಚಿಸುತ್ತಿದ್ದೆ. ಉತ್ತರ ಹೊಳೆಯುತ್ತಿರಲಿಲ್ಲ. ಅದನ್ನು ಮೇಡಂಗೆ ಹೇಳಿದಾಗ ಅವರು ಗಾಬರಿಯಾಗಲಿಲ್ಲ. ಸಾಯುವ ವಿಚಾರ ಬರುತ್ತದೆಯೇ, ದಾರಿ ಏನಾದರೂ ಯೋಚಿಸಿದ್ದೀರಾ ಎಂದು ಒಂದೊಂದಾಗಿ ಬಿಡಿಸಿ ಕೇಳಿದರು. ವಿಚಾರ ಬರುತ್ತದೆ, ದಾರಿ ಯೋಚಿಸಿಲ್ಲ ಎಂದೆ. ಅಂದಿನಿಂದ ಎರಡು ವಾರದ ಕರೆ ಎರಡು ದಿನಕ್ಕೊಮ್ಮೆ ಆಯಿತು. ಕೆಲವೊಮ್ಮೆ ಐದೇ ನಿಮಿಷ. "ಇವತ್ತು ಏನ್ ಉಂಡ್ರಿ? ಬಿಸಿಲಿಗೆ ಹೋಗಿದ್ರೇನು?" ಅಷ್ಟೇ ಕೇಳಿ ಇಡುತ್ತಿದ್ದರು. ಆ ಐದು ನಿಮಿಷಕ್ಕಾಗಿ ನಾನು ಮೆಟ್ಟಿಲು ಹತ್ತುತ್ತಿದ್ದೆ. ಇಡೀ ದಿನದಲ್ಲಿ ನಾನು ಮಾಡುತ್ತಿದ್ದ ಕೆಲಸ ಅದೊಂದೇ.

ರಂಜಾನ್ ಬಂತು. ಹೊಸ ಚೀಟಿಯ ಪ್ರಕಾರ ಮಧ್ಯಾಹ್ನವೂ ಒಂದು ಗುಳಿಗೆ ಇತ್ತು, ಅದನ್ನು ತಪ್ಪಿಸುವಂತಿರಲಿಲ್ಲ. "ಬೀಮಾರಿ ಇದ್ದವರಿಗೆ ರೋಜಾ ಮಾಫಿ ಅದ" ಎಂದು ಅತ್ತೆಯೇ ತೀರ್ಮಾನಿಸಿದರು. ಓಣಿಯವರು ಕೇಳಿದಾಗ, "ಸೊಸಿಗೆ ಸಕ್ಕರಿ ಕಾಯಿಲಿ ಬಂದದ" ಎಂದರು. ತಾವು ಒಂದು ರೋಜಾವನ್ನೂ ಬಿಡಲಿಲ್ಲ. ಒಣಗಿದ ತುಟಿಯಲ್ಲಿ ಕೂತು ನನಗಾಗಿ ಗುಳಿಗೆ ಕತ್ತರಿಸಿ, ನೀರಿನ ಲೋಟ ಕೊಟ್ಟು, ಬೇರೆ ಕಡೆ ನೋಡುತ್ತಿದ್ದರು.

ಐದನೆಯ ತಿಂಗಳಲ್ಲಿ ಸುರಪುರದಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಮಗಳನ್ನು ಕರೆದುಕೊಂಡು ಹೋದೆ. ಆಗ ನಾನು ದಿನಕ್ಕೆ ಎರಡಕ್ಕೆ ಇಳಿದಿದ್ದೆ. ಮೇಡಂ ಖುಷಿಯಾಗಿದ್ದರು. ಮದುವೆಯ ಮನೆಯಲ್ಲಿ ಹೆಂಗಸರು ನನ್ನನ್ನು ನಡುವೆ ಕೂರಿಸಿಕೊಂಡು, ಕೆಲಸ ಯಾಕೆ ಬಿಟ್ಟೆ, ಮೈಯಲ್ಲಿ ಯಾಕೆ ಇಳಿದಿದ್ದೀ, ಇನ್ನೊಂದು ಕೂಸು ಯಾವಾಗ ಎಂದು ಕೇಳಿದರು. ಎದೆ ಹಿಡಿದುಕೊಳ್ಳತೊಡಗಿತು. ಎದ್ದು ಹೊರಗೆ ಬಂದೆ. ಮೇಡಂಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನನ್ನ ಕಾಲುಗಳು ನನ್ನನ್ನು ಬಜಾರಿನ ಒಂದು ಮೆಡಿಕಲ್ ಅಂಗಡಿಗೆ ಕರೆದೊಯ್ದವು. ಅಲ್ಲಿ ನನ್ನ ಜೊತೆ ಕಾಲೇಜಿನಲ್ಲಿ ಓದಿದವಳೊಬ್ಬಳು ಇದ್ದಳು. ಅಪ್ಪಿಕೊಂಡಳು. ಹಳೆಯ ಗುಳಿಗೆಯ ಹೆಸರು ಹೇಳಿ, ಅತ್ತೆಗೆ ಬೇಕು, ಚೀಟಿ ಮರೆತು ಬಂದೆ ಎಂದೆ.

"ನಿನಗ ಚೀಟಿ ಯಾಕ ಬೇಕು?" ಎಂದು ನಕ್ಕು ಕೊಟ್ಟಳು.

ಬಸ್ಸು ಹತ್ತುವ ಮೊದಲೇ ನಾಲ್ಕು ನುಂಗಿದೆ. ಐದು ತಿಂಗಳಲ್ಲಿ ಮೈ ಹಳೆಯ ಲೆಕ್ಕ ಮರೆತಿತ್ತು. ಮಗಳು ಕಿಟಕಿಯ ಪಕ್ಕ ಕೂತಿದ್ದಳು, ಅವಳ ಕೈಯಲ್ಲಿ ಮದುವೆ ಮನೆಯ ಸಿಹಿಯ ಡಬ್ಬಿ. ಅದೊಂದು ನೆನಪಿದೆ. ಆಮೇಲಿನದು ಅವಳು ಹೇಳಿದ್ದು. ಅದನ್ನೂ ಪೂರಾ ಹೇಳಿಲ್ಲ. ಶಹಾಪುರ ಬಂದಾಗ ಅವಳು ನನ್ನನ್ನು ಅಲುಗಾಡಿಸಿದಳಂತೆ. ಗಲ್ಲ ತಟ್ಟಿದಳಂತೆ. "ಅಮ್ಮೀ, ಊರ್ ಬಂತು" ಎಂದಳಂತೆ. ಜನ ಇಳಿದರು, ಜನ ಹತ್ತಿದರು, ಬಸ್ಸು ಹೊರಟಿತು. ಹತ್ತು ವರ್ಷದ ಹುಡುಗಿ ಯಾರಿಗೂ ಏನೂ ಹೇಳಲಿಲ್ಲ. ಹೇಳಿದರೆ ಜನ ಸೇರುತ್ತಾರೆ, ಉಳ್ಳಾಗಡ್ಡಿ ತರುತ್ತಾರೆ ಎಂದು ಹೆದರಿದ್ದಳು. ಭೀಮಾ ನದಿಯ ಸೇತುವೆ ದಾಟುವಾಗ ನನ್ನ ತಲೆ ಕಿಟಕಿಗೆ ಬಡಿಯಬಾರದೆಂದು ತನ್ನ ಕೈಯನ್ನು ನಡುವೆ ಇಟ್ಟುಕೊಂಡು ಕೂತಿದ್ದಳು.

ಯಾದಗಿರಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಮತ್ತು ಒಬ್ಬ ಹೂವಿನ ಹೆಂಗಸು ನನ್ನನ್ನು ಇಳಿಸಿ ಬೆಂಚಿನ ಮೇಲೆ ಮಲಗಿಸಿದರು. ಮಗಳು ಕಂಡಕ್ಟರನ ಫೋನಿನಿಂದ ಅಜ್ಜಿಗೆ ಕರೆ ಮಾಡಿದಳು. ನಂಬರು ಅವಳಿಗೆ ಬಾಯಿಪಾಠ ಇತ್ತು. ನಾನು ಕಣ್ಣು ತೆರೆದಾಗ ಸಂಜೆಯಾಗಿತ್ತು. ಅತ್ತೆ ನನ್ನ ಕಾಲ ಬಳಿ ಕೂತಿದ್ದರು. ನನ್ನ ಚೀಲ ಅವರ ಮಡಿಲಲ್ಲಿತ್ತು, ಹರಿದ ಸ್ಟ್ರಿಪ್ ಅವರ ಕೈಯಲ್ಲಿತ್ತು.

"ಏಳು" ಎಂದರು. "ಕಡೀ ಬಸ್ ಅದ."

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತರು. ಮಗಳು ಅವರ ಪಕ್ಕ ಕೂತಳು.

ಮರುದಿನದ ಕರೆಗೆ ಅತ್ತೆಯೂ ಮೆಟ್ಟಿಲು ಹತ್ತಿದರು. ಮೊಣಕಾಲು ನೋವಿನಿಂದ ನಾಲ್ಕು ಸಲ ನಿಂತು ನಿಂತು ಬಂದರು. ಫೋನಿನ ಮುಂದೆ ನನ್ನ ಪಕ್ಕ ಕೂತು, "ಇಕಿಗೆ ಬೈರಿ ಡಾಕ್ಟರ್ ಬಾಯಿ. ನನ್ನ ಮಾತು ಕೇಳಂಗಿಲ್ಲ" ಎಂದರು.

ಮೇಡಂ ನನ್ನನ್ನು ಏನಾಯಿತು ಎಂದು ಕೇಳಿ, ಪೂರಾ ಕೇಳಿಸಿಕೊಂಡರು. ಬಯ್ಯಲಿಲ್ಲ. "ಇದು ಆಗ್ತದ. ಮೊದಲಿಂದ ಅಲ್ಲ, ನಿಂತಲ್ಲಿಂದ ಶುರು ಮಾಡೋಣ" ಎಂದು, ಆಮೇಲೆ ಅತ್ತೆಯ ಕಡೆ ತಿರುಗಿ, "ಅಮ್ಮಾರ, ನೀವು ಇವರನ್ನ ಭಾಳ ದಿನದಿಂದ ನೋಡೀರಿ. ಇದು ಯಾವಾಗಿಂದ ಶುರು ಆತು ಅನಸ್ತದ ನಿಮಗ?" ಎಂದು ಕೇಳಿದರು.

ಅತ್ತೆ ಮೊಣಕಾಲು ನೀವಿಕೊಳ್ಳುತ್ತ ಕೂತರು. ನೆಟ್‌ವರ್ಕು ಹೋಯಿತೇನೋ ಎಂದು ಮೇಡಂ "ಹಲೋ" ಎಂದರು.

"ಕೂಸಿಂದ" ಎಂದರು ಅತ್ತೆ. ನನ್ನ ಕಡೆ ನೋಡಲಿಲ್ಲ, ಪರದೆಗೇ ಹೇಳಿದರು. "ನಾ ತೋರಿಸ್ಲಿಲ್ಲ ಇಕಿಗೆ. ನನಗ ಹಿಂಗೇ ಒಂದು ಹೋಗಿತ್ತು, ಭಾಳ ವರ್ಷದ ಹಿಂದ. ನಾ ನೋಡಿದ್ದೆ. ಇವತ್ತಿಗೂ ಕಣ್ಣಾಗ ಅದ. ಅದಕ್ಕ ಇಕಿಗೆ ಬ್ಯಾಡ ಅಂದೆ." ಸೆರಗಿನಿಂದ ಬಾಯಿ ಒರೆಸಿಕೊಂಡರು. "ಹೆಣ್ಣಿತ್ತು. ತಲಿ ತುಂಬ ಕೂದಲಿತ್ತು. ನಾನೇ ನೀರು ಹಾಕಿ ಬಿಳಿ ಬಟ್ಟಿ ಸುತ್ತಿ ಕೊಟ್ಟೆ."

ಮೂರು ವರ್ಷ ದಾಟಿತ್ತು. ನಾನು ಮಾಳಿಗೆಯ ಗಚ್ಚಿನ ಮೇಲೆ ಹಾಗೇ ಒರಗಿದೆ. ಎಂಥ ಅಳು ಬಂತೆಂದರೆ ಕೆಳಗಿನ ಓಣಿಗೆ ಕೇಳಿಸಿ ಯಾರೋ "ಏನಾತ್ರಿ?" ಎಂದು ಕೂಗಿದರು. "ಏನಿಲ್ಲ, ಚೇಳು ಕಡದದ" ಎಂದು ಅತ್ತೆ ಮೇಲಿಂದಲೇ ಕೂಗಿ ಹೇಳಿದರು. ಮೇಡಂ ಕರೆ ಕತ್ತರಿಸಲಿಲ್ಲ. ಪರದೆಯಲ್ಲಿ ಸುಮ್ಮನೆ ಕೂತಿದ್ದರು. ಅವರ ಮುಂದಿನ ರೋಗಿಗೆ ಅವತ್ತು ತಡವಾಗಿರಬೇಕು.

ಆಮೇಲೆ ಇಳಿಯುವುದು ಸುಲಭವಾಯಿತು ಎಂದಲ್ಲ. ಆದರೆ ಅತ್ತೆ ಗುಳಿಗೆ ಕೊಡುವಾಗ ಒಮ್ಮೊಮ್ಮೆ ಒಂದು ಮಾತು ಸೇರಿಸುತ್ತಿದ್ದರು. ಕೂಸಿನ ಮೂಗು ನನ್ನಂತೆ ಇತ್ತು ಎಂದು. ಉಗುರು ಬೆಳೆದಿದ್ದವು ಎಂದು. ಅಷ್ಟಷ್ಟೇ, ಅವರು ಕತ್ತರಿಸಿ ಕೊಡುತ್ತಿದ್ದ ಹೋಳುಗಳಷ್ಟೇ. ನಾನು ದಿನಕ್ಕೆ ಒಂದಕ್ಕೆ ಇಳಿದೆ. ಅರ್ಧಕ್ಕೆ ಇಳಿದೆ.

ದಿನಕ್ಕೆ ಕಾಲು ಗುಳಿಗೆಯ ಹೊತ್ತಿಗೆ ಅತ್ತೆ ತೀರಿಕೊಂಡರು. ಬೆಳಗಿನ ನಮಾಜು ಮುಗಿಸಿ, ಚಹಾ ಕುಡಿದು, "ಎದಿ ಒತ್ತಾಕತ್ತದ" ಎಂದರು. ಗಾಡಿ ಬರುವಷ್ಟರಲ್ಲಿ ಮುಗಿದಿತ್ತು. ನಾನು ಎಷ್ಟು ಸಲ ಎದೆ ಹಿಡಿದುಕೊಂಡು ಸಾಯುತ್ತೇನೆ ಎಂದಿದ್ದೆನೋ, ಅವರು ಒಂದೇ ಸಲ ಹೇಳಿದರು.

ಮನೆ ತುಂಬ ಜನ. ಹೆಂಗಸರು ಕುರಾನಿನ ಪಾರಾ ಓದುತ್ತಿದ್ದರು. ಅತ್ತೆಯ ಸಾಮಾನು ಎತ್ತಿಡುವಾಗ ಪಾನ್‌ದಾನ್ ನನ್ನ ಕೈಗೆ ಬಂತು. ಒಳಗೆ ಮೂವತ್ತಕ್ಕೂ ಹೆಚ್ಚು ಗುಳಿಗೆಗಳಿದ್ದವು. ಅದನ್ನು ಸೆರಗಿನಡಿ ಮುಚ್ಚಿಕೊಂಡು ಮಾಳಿಗೆಗೆ ಹೋದೆ. ಆ ಗಳಿಗೆಯಲ್ಲಿ ನನಗೆ ಬೇಕಾದದ್ದು ನಿದ್ದೆಯೊಂದೇ ಅಲ್ಲ, ಅದಕ್ಕಿಂತ ಆಚೆಯದು. ಮೇಡಂಗೆ ಕರೆ ಮಾಡುವ ದಿನ ಅದಾಗಿರಲಿಲ್ಲ. ಆದರೂ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರನೆಯ ಸಲ ಎತ್ತಿದರು. ಅವರು ಎಲ್ಲೋ ರಸ್ತೆಯಲ್ಲಿದ್ದರು, ವಾಹನಗಳ ಸದ್ದು ಕೇಳುತ್ತಿತ್ತು.

"ಅತ್ತಿ ಹೋದ್ರು" ಎಂದೆ. "ಗುಳಗಿ ಎಲ್ಲಾ ನನ್ನ ಕೈಯಾಗ ಅದಾವ್ರಿ."

"ಫೋನ್ ಇಡಬ್ಯಾಡ್ರಿ" ಎಂದರು. "ಕೆಳಗ ಇಳೀರಿ. ನನ್ನ ಕೂಡ ಮಾತಾಡ್ತಾ ಇಳೀರಿ. ನಿಮ್ಮ ಯಜಮಾನರು ಅದಾರೇನು? ಅವರ ಕೈಗೆ ಕೊಡ್ರಿ."

"ಅವರಿಗೆ ಗೊತ್ತಿಲ್ರಿ."

"ಇವತ್ತು ಗೊತ್ತಾಗಲಿ."

ನಾನು ಇಳಿದೆ. ಗಂಡ ಬಾಗಿಲ ಹೊರಗೆ ಗಂಡಸರ ನಡುವೆ ಕೂತಿದ್ದರು. ಕರೆದೆ. ಹಿತ್ತಲಿನ ಬಚ್ಚಲ ಬಳಿ ನಿಂತು, ತಾಯಿ ಸತ್ತ ದಿನವೇ, ಅವರಿಗೆ ಎಲ್ಲ ಹೇಳಿದೆ. ಅಂಗಡಿ, ಮೂರ್ಛೆ, ಬಸ್ಸು. ಅವರು ಪಾನ್‌ದಾನ್ ತೆಗೆದುಕೊಂಡು ಕೈಯಲ್ಲಿ ತಿರುಗಿಸಿ ನೋಡಿದರು.

"ಅಮ್ಮೀಗೆ ಗೊತ್ತಿತ್ತು?"

"ಗೊತ್ತಿತ್ತು."

"ನನಗ ಯಾಕ ಹೇಳ್ಲಿಲ್ಲ ನೀವಿಬ್ಬರೂ?"

ನಾನು ಫೋನನ್ನು ಅವರ ಕೈಗೆ ಕೊಟ್ಟೆ. ಅವರು ಫೋನಿನಲ್ಲಿ ಮೇಡಂ ಜೊತೆ ಎರಡು ಮಾತಾಡಿ, "ಹೌದ್ರಿ, ಹೌದ್ರಿ" ಎಂದು, ಮಣ್ಣು ಕೊಡಲು ಹೊರಟರು.

ಅಂದಿನಿಂದ ಪ್ರತಿ ಭಾನುವಾರ ಅವರು ಗುಳಿಗೆಗಳನ್ನು ಬ್ಲೇಡಿನಿಂದ ಕತ್ತರಿಸಿ, ಏಳು ಕಾಗದದ ಪೊಟ್ಟಣ ಕಟ್ಟಿ ಕೊಟ್ಟು ಕಡೇಚೂರಿಗೆ ಹೋಗುತ್ತಿದ್ದರು. ಉಳಿದದ್ದು ಅವರ ಜೊತೆ ಹೋಗುತ್ತಿತ್ತು. ದಿನಕ್ಕೊಂದು ಪೊಟ್ಟಣ ಬಿಚ್ಚಿ, ಫೋನಿನಲ್ಲಿ ಅವರಿಗೆ ತೋರಿಸಿ ನುಂಗಬೇಕು. ಕಾರ್ಖಾನೆಯ ಗೇಟಿನ ಬಳಿ ನಿಂತು, ಮುಖಕ್ಕೆ ಕಟ್ಟಿದ ಬಟ್ಟೆ ಕೆಳಗೆ ಸರಿಸಿ ನೋಡುತ್ತಿದ್ದರು. "ಆತು" ಎಂದು ಇಡುತ್ತಿದ್ದರು. ಎರಡು ತಿಂಗಳು ನಮ್ಮಿಬ್ಬರ ನಡುವೆ ಬೇರೆ ಮಾತೇ ಇರಲಿಲ್ಲ. ಆಮೇಲೆ ಪೊಟ್ಟಣಗಳು ನಿಂತವು. ಅವರು ಈಗ ಮಾತಾಡುತ್ತಾರೆ, ಆದರೆ ಅಳೆದು. ಮನೆಗೆ ಬಂದಾಗ ನನ್ನ ಚೀಲವನ್ನು ನೋಡುತ್ತಾರೆ. ನೋಡಲಿ ಎಂದು ನಾನೇ ತೆರೆದಿಡುತ್ತೇನೆ.

ಆ ಗುಳಿಗೆ ಬಿಟ್ಟು ಒಂದು ವರ್ಷ ದಾಟಿತು. ಮನಸ್ಸಿನ ಭಾರದ ಔಷಧ ಇನ್ನೂ ಇದೆ. ಮೇಡಂ ಬೇರೆ ಕಡೆ ಹೋದರು. ಈಗ ಪರದೆಯಲ್ಲಿ ಬರುವವರು ಒಬ್ಬ ಹರೆಯದ ಡಾಕ್ಟರು, ಒಳ್ಳೆಯವರು. ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಮೆಡಿಕಲ್ ಅಂಗಡಿಯಲ್ಲಿ ಕೆಲಸ ಮಾಡುವುದಿಲ್ಲ ಎಂದು ನಾನೇ ನಿರ್ಧರಿಸಿದ್ದೇನೆ. ತಾಲ್ಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಜನರ ಅರ್ಜಿ ತುಂಬಿಕೊಡುತ್ತೇನೆ. ಎದೆ ಹಿಡಿದುಕೊಳ್ಳುವುದು ಪೂರಾ ಹೋಗಿಲ್ಲ. ಬಂದಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, ಉಸಿರು ಎಣಿಸಿ, ಅದು ಹೋಗುವ ತನಕ ಕೂರುತ್ತೇನೆ. ಹೋಗುತ್ತದೆ. ಕೆಲವು ದಿನ ಬಹಳ ಹೊತ್ತು ಹಿಡಿಯುತ್ತದೆ.

ಮಗಳಿಗೆ ಈಗ ಹನ್ನೆರಡು. ತನ್ನ ಜಡೆ ತಾನೇ ಹಾಕಿಕೊಳ್ಳುತ್ತಾಳೆ, ನನ್ನ ಕೈಗೆ ತಲೆ ಕೊಡುವುದಿಲ್ಲ. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಒಂದು ಗಳಿಗೆ ಅಡ್ಡಾಗುತ್ತೇನೆ. ನಿದ್ದೆ ಹತ್ತುವ ಹೊತ್ತಿಗೆ ಅವಳು ಸದ್ದಿಲ್ಲದೆ ಬಂದು ನನ್ನ ಮೂಗಿನ ಕೆಳಗೆ ಬೆರಳು ಹಿಡಿಯುತ್ತಾಳೆ. ನನಗೆ ಎಚ್ಚರವಿರುತ್ತದೆ. ಅವಳಿಗೆ ಗೊತ್ತಾಗಬಾರದೆಂದು ಕಣ್ಣು ಮುಚ್ಚಿಕೊಂಡೇ, ಬೆರಳ ಮೇಲೆ ಬೀಳುವಂತೆ, ಸ್ವಲ್ಪ ಜೋರಾಗಿಯೇ ಉಸಿರಾಡುತ್ತೇನೆ.